ದಿಂಬಿನ ಕವರ್ ತುಂಬ ಉಲ್ಲನ್ ಚೂರು

ನಮ್ಮತ್ತೆಯ ಬೀರುವಿನ ತಳದಲ್ಲಿ ಒಂದು ಹಳೇ ದಿಂಬಿನ ಕವರ್ ಇದೆ. ಅದರ ತುಂಬ ಉಲ್ಲನ್ ದಾರದ ಚೂರುಗಳು. ನನ್ನ ಗಂಡನ ಸ್ಕೂಲ್ ಸ್ವೆಟರ್ ಹೆಣೆದು ಉಳಿದ ನೀಲಿ, ಮಗಳು ಹುಟ್ಟಿದಾಗ ಕುಲಾವಿ ಹೆಣೆದು ಉಳಿದ ತಿಳಿ ಹಳದಿ, ಬಾಗಿಲ ತೋರಣದ ಕೆಂಪು, ಹಸಿರು. ಯಾವುದೂ ಪೂರ್ತಿ ಉಂಡೆ ಇಲ್ಲ. ಸ್ವೆಟರಿನ ಒಂದು ತೋಳಿಗೂ ಸಾಲುವುದಿಲ್ಲ. ಆದರೂ ಇಷ್ಟು ವರ್ಷದಲ್ಲಿ ಅವರು ಒಂದು ಎಳೆಯನ್ನೂ ಎಸೆದಿಲ್ಲ.

ಎರಡು ವರ್ಷದ ಹಿಂದೆ ಅತ್ತೆ ಹೆಣಿಗೆ ನಿಲ್ಲಿಸಿದರು. ಬೆರಳಿನ ಗೆಣ್ಣುಗಳು ಊದಿಕೊಂಡು ಕ್ರೋಶಾ ಕಡ್ಡಿ ಹಿಡಿಯಲು ಆಗುತ್ತಿರಲಿಲ್ಲ. "ಹೋಗಲಿ ಬಿಡಮ್ಮ, ಎಷ್ಟು ದಿನ ಅಂತ ಹೆಣೆಯೋದು" ಅಂದು ಕಡ್ಡಿಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಎತ್ತಿಟ್ಟರು. ಅವತ್ತು ಅವರ ಮುಖ ನೋಡುವುದು ನನಗೆ ಕಷ್ಟವಾಯಿತು. ಟಿವಿ ನೋಡುವಾಗಲೂ ಕೈ ಖಾಲಿ ಇಟ್ಟುಕೊಂಡು ಕೂತವರಲ್ಲ ಅವರು.

ಆಮೇಲೆ ಮನೆಗೆ ಲೂಮ್ ಬಂತು. ಬಟ್ಟೆ ನೇಯುವ ಮಗ್ಗ ಅಲ್ಲ ಇದು. ಒಂದು ಪ್ಲಾಸ್ಟಿಕ್ ರಿಂಗ್, ಅದರ ಮೇಲೆ ಸುತ್ತಲೂ ಗೂಟಗಳು. ನಮ್ಮದರಲ್ಲಿ 24 ಗೂಟ. ಒಂದೊಂದು ಗೂಟಕ್ಕೂ ದಾರವನ್ನು ಒಂದು ಸುತ್ತು ಹಾಕುತ್ತಾ ಹೋಗಬೇಕು. ಮೊದಲ ಗೂಟಕ್ಕೆ ಬಂದ ಮೇಲೆ ಮತ್ತೆ ಅದೇ ರೀತಿ ಇನ್ನೊಂದು ಸಲ. ಈಗ ಪ್ರತಿ ಗೂಟದಲ್ಲೂ ಎರಡೆರಡು ಕುಣಿಕೆ. ಕೆಳಗಿನ ಕುಣಿಕೆಯನ್ನು ಕೊಕ್ಕೆಯಿಂದ ಎತ್ತಿ, ಮೇಲಿನದನ್ನು ದಾಟಿಸಿ, ಗೂಟದ ಹಿಂದಕ್ಕೆ ಬಿಡಬೇಕು. ಹೀಗೆ ಸುತ್ತು ಮುಗಿದಂತೆಲ್ಲ ಹೆಣಿಗೆ ರಿಂಗಿನ ಒಳಗಿಂದ ಕಾಲುಚೀಲದ ಹಾಗೆ ಇಳಿಯುತ್ತಾ ಬರುತ್ತದೆ.

ಅತ್ತೆ ನೋಡಿದ ತಕ್ಷಣ, "ಇದು ನಮ್ಮ ರೀಲಿನದೇ ಅಲ್ವಾ, ದೊಡ್ಡದಾಗಿದೆ ಅಷ್ಟೇ" ಅಂದರು. ಅವರು ಚಿಕ್ಕವರಿದ್ದಾಗ ದಾರದ ರೀಲುಗಳು ಮರದವು. ಖಾಲಿ ರೀಲಿನ ತಲೆಗೆ ನಾಲ್ಕು ಸಣ್ಣ ಮೊಳೆ ಹೊಡೆದು, ಹೀಗೇ ಕುಣಿಕೆ ದಾಟಿಸಿ, ನಡುವಿನ ತೂತಿನಿಂದ ಉದ್ದನೆ ಹಗ್ಗ ಇಳಿಸುತ್ತಿದ್ದರಂತೆ. ಆ ಹಗ್ಗವನ್ನು ಚಕ್ಕುಲಿಯಂತೆ ಸುತ್ತಿ ಹೊಲಿದರೆ ಲೋಟದ ಕೆಳಗಿಡುವ ಮಣೆ ಆಗುತ್ತಿತ್ತಂತೆ.

ನಾನು ಈ ಬರಹ ಬರೆಯಲು ಕಾರಣ ಇನ್ನೊಂದಿದೆ. ಚೆನ್ನಾಗಿ ಸ್ವೆಟರ್ ಹೆಣೆಯುವ ಪರಿಚಯದವರೊಬ್ಬರು ಮನೆಗೆ ಬಂದಿದ್ದಾಗ, "ಇದೇನು ಮಕ್ಕಳಾಟ, ಇದು ಹೆಣಿಗೆನೇ ಅಲ್ಲ" ಅಂದುಬಿಟ್ಟರು. ಅತ್ತೆಯ ಎದುರಿಗೇ. ನನಗೆ ತುಂಬ ನೋವಾಯಿತು. ಕಡ್ಡಿಯಲ್ಲಿ ಹೆಣೆದರೂ ಹಳೇ ಕುಣಿಕೆಯೊಳಗಿಂದ ಹೊಸ ಕುಣಿಕೆ ಬರುತ್ತದೆ, ಲೂಮಿನಲ್ಲಿ ಹೆಣೆದರೂ ಅದೇ. ಕಡ್ಡಿಯಲ್ಲಾದರೆ ಕುಣಿಕೆಗಳನ್ನು ಬೆರಳು ಕಾಯಬೇಕು. ಇಲ್ಲಿ ಗೂಟ ಕಾಯುತ್ತದೆ. ಕೈ ನೋವಾದರೆ ಸುತ್ತಿನ ನಡುವೆಯೇ ಬಿಟ್ಟು ಎದ್ದುಹೋಗಬಹುದು, ಒಂದು ಕುಣಿಕೆಯೂ ಜಾರುವುದಿಲ್ಲ. ಬೆರಳು ನೋವಿರುವವರಿಗೆ ಇದೇನು ಸಣ್ಣ ವಿಷಯವಲ್ಲ.

ಹಾಗಂತ ನೋವೇ ಆಗುವುದಿಲ್ಲ ಅಂತಲ್ಲ. ದಾರ ಬಿಗಿಯಾಗಿ ಸುತ್ತಿದರೆ ಕುಣಿಕೆ ಎತ್ತಲು ಜೋರು ಬೇಕು. ಸಡಿಲವಾಗಿ ಸುತ್ತಬೇಕು. ಕೊಕ್ಕೆಯ ಹಿಡಿಗೆ ನಾವು ಹಳೇ ಕಾಟನ್ ಸೀರೆಯ ಪಟ್ಟಿ ಸುತ್ತಿ ದಪ್ಪ ಮಾಡಿದ್ದೇವೆ. ಅತ್ತೆ ಒಂದು ಸಲಕ್ಕೆ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಕೂರುವುದಿಲ್ಲ.

ಕಳೆದ ದಸರೆಗೆ ಆ ದಿಂಬಿನ ಕವರ್ ಬಿಚ್ಚಿದೆವು. ಮೈಸೂರು ಕಡೆಯವರಿಗೆ ಗೊಂಬೆ ಹಬ್ಬದ ಬಗ್ಗೆ ಹೇಳಬೇಕಾಗಿಲ್ಲ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರು ಶೆಟ್ಟಮ್ಮ, ಅವರ ಮುಂದೆ ಅಕ್ಕಿ, ಬೇಳೆ, ಬೆಲ್ಲದ ಅಂಗಡಿ. ನಮ್ಮನೆಯಲ್ಲಿ ಮೆಟ್ಟಿಲಿನ ಪಕ್ಕ ನೆಲದ ಮೇಲೆ ಒಂದು ಸಂತೆ ಕೂಡಿಸೋಣ, ತರಕಾರಿಯೆಲ್ಲ ಉಲ್ಲನ್‌ನಲ್ಲೇ ಮಾಡೋಣ ಅಂತ ಮಗಳು ಹಟ ಹಿಡಿದಳು.

ಮೊದಲು ಆಗಿದ್ದು ಸಿಹಿಗುಂಬಳ. ಲೂಮಿನ ಗೂಟಗಳು ದೂರದೂರ ಇರುವುದರಿಂದ ಒಂದೇ ಎಳೆಯಲ್ಲಿ ಹೆಣೆದರೆ ಜಾಳುಜಾಳಾಗುತ್ತದೆ. ಎರಡೆಳೆ ಸೇರಿಸಿ ಹಿಡಿಯಬೇಕು. ಚೂರು ದಾರಕ್ಕೆ ಇದೇ ಅನುಕೂಲ. ಕಿತ್ತಳೆ ಬಣ್ಣದ್ದು ಸ್ವಲ್ಪವೇ ಇತ್ತು. ಜೊತೆಗೆ ಕುಲಾವಿಯ ಹಳದಿ ಎಳೆ ಸೇರಿಸಿದೆವು. ನಿಜವಾದ ಕುಂಬಳದ ಮೇಲೆ ಇರುತ್ತದಲ್ಲ, ಅಂಥದೇ ಮಚ್ಚೆ ಮಚ್ಚೆ ಬಣ್ಣ ಬಂತು. 20 ಸುತ್ತು ಹೆಣೆದು, ಲೂಮನ್ನು ಎರಡು ಸಲ ಸುತ್ತುವಷ್ಟು ದಾರ ಬಿಟ್ಟು ಕತ್ತರಿಸಿ, ಆ ತುದಿಯನ್ನು ದಬ್ಬಣಕ್ಕೆ ಪೋಣಿಸಿ, ಎಲ್ಲ ಕುಣಿಕೆಗಳಲ್ಲೂ ತೂರಿಸಿ ಗೂಟದಿಂದ ಬಿಡಿಸಿ ಎಳೆದರೆ ಚೀಲದ ಬಾಯಿಯ ಹಾಗೆ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಬಾಯಿ ಮುಚ್ಚುವ ಮೊದಲು ಒಳಗೆ ತುಂಬಬೇಕು. ನಾವು ತುಂಬಿದ್ದು ಏನಕ್ಕೂ ಬಾರದ ಗೇಣುದ್ದದ ದಾರದ ತುಂಡುಗಳನ್ನೇ. ಕೊನೆಗೆ ಅತ್ತೆ ಅದೇ ದಾರದಿಂದ ಮೇಲಿಂದ ಕೆಳಕ್ಕೆ ಆರು ಕಡೆ ಬಿಗಿದು ಕಟ್ಟಿದರು. ಹೋಳುಹೋಳಾಗಿ ಉಬ್ಬಿತು. ತೊಟ್ಟಿಗೆ ನಾಲ್ಕು ಮೊಳೆಯ ರೀಲಿನಿಂದ ಇಳಿಸಿದ ಹಸಿರು ಹಗ್ಗ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ, ಒಳಗೆ ತುಂಬಿದ್ದು ಬಿಟ್ಟು ಸುಮಾರು 25 ಗ್ರಾಂ ದಾರ ಹಿಡಿದಿತ್ತು.

ಬದನೆಕಾಯಿಗೆ ಈ ಲೂಮ್ ದೊಡ್ಡದಾಯಿತು. ಮಗಳು ಗಟ್ಟಿ ರಟ್ಟಿನ ಕೊಳವೆಗೆ ಎಂಟು ಐಸ್‌ಕ್ರೀಂ ಕಡ್ಡಿ ಟೇಪ್ ಹಾಕಿ ಅಂಟಿಸಿ ತಾನೇ ಒಂದು ಲೂಮ್ ಮಾಡಿದಳು. ಚೆನ್ನಾಗಿ ಕೆಲಸ ಮಾಡಿತು. ಮಕ್ಕಳಿಗೆ ಕಲಿಸಬೇಕು ಅನ್ನುವವರು ಇಲ್ಲಿಂದಲೇ ಶುರು ಮಾಡಿ, ಲೂಮ್ ಕೊಳ್ಳುವುದೇ ಬೇಡ.

ಗೊಂಬೆ ನೋಡಲು ಬಂದವರಲ್ಲಿ ಇಬ್ಬರು ಮೂವರು ಕೇಳಿದ ಪ್ರಶ್ನೆ ಒಂದೇ. "ಇಷ್ಟೆಲ್ಲ ಕಷ್ಟಪಟ್ಟು ಮಾಡಿ ಏನುಪಯೋಗ? ಅದರ ಬದಲು ಟೋಪಿನೋ ಮಫ್ಲರೋ ಮಾಡಬಹುದಿತ್ತು." ನಾವು ದಿನಾ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಅಳಿಸಿಹೋಗಿರುತ್ತದೆ. ಅದಕ್ಕೆ ಏನುಪಯೋಗ ಅಂತ ಯಾರೂ ಕೇಳುವುದಿಲ್ಲ. ಚೆಂದಕ್ಕೆ ಅಂತಲೇ ಮಾಡುವ ಕೆಲಸ ನಮ್ಮ ಹೆಂಗಸರ ಕೈಯಲ್ಲಿ ಯಾವತ್ತಿನಿಂದಲೂ ಇದೆ. ಅಲ್ಲದೆ 25 ಗ್ರಾಂ ದಾರದಲ್ಲಿ ಮಫ್ಲರ್ ಆಗುವುದಿಲ್ಲ. ಅದಕ್ಕೆ ಇನ್ನೆರಡು ಹೊಸ ಉಂಡೆ ತರಬೇಕು, ಅದರಲ್ಲಿ ಮತ್ತೆ ಚೂರು ಉಳಿಯುತ್ತದೆ. ಚೂರಿಗೆ ತಕ್ಕ ಕೆಲಸ ಹುಡುಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಬಣ್ಣ ಮುಗಿಯಿತಾ, ಇನ್ನೊಂದು ಬಣ್ಣ ಸೇರಿಸಿ. ಹೊಸದು ತರಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ನಾವು ಉಲ್ಲನ್ ಅಂತ ಕೊಳ್ಳುವ ದಾರದಲ್ಲಿ ಬಹಳಷ್ಟು ಕುರಿಯ ಉಣ್ಣೆ ಅಲ್ಲ, ಅಕ್ರಿಲಿಕ್. ಪ್ಲಾಸ್ಟಿಕ್ ಜಾತಿಯದು. ಅನುಮಾನ ಇದ್ದರೆ ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದಕ್ಕೇ ಇಂಥ ಅಲಂಕಾರವನ್ನು ಆರತಿ, ದೀಪದ ಹತ್ತಿರ ಇಡಬೇಡಿ. ಕತ್ತರಿಸಿದ ತುಂಡುಗಳನ್ನು ಗಿಡದ ಬುಡಕ್ಕೂ ಹಾಕಬೇಡಿ. ಅದು ಕೊಳೆಯುವುದಿಲ್ಲ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ನಮ್ಮನೆಯಲ್ಲಿ ಒಂದು ಡಬ್ಬಿ ಇಟ್ಟಿದ್ದೇವೆ, ತುಂಡೆಲ್ಲ ಅದಕ್ಕೆ ಹೋಗುತ್ತದೆ. ಮುಂದಿನ ಕುಂಬಳದ ಹೊಟ್ಟೆಗೆ ಬೇಕಲ್ಲ.

ಈ ವರ್ಷದ ಸಂತೆಗೆ ಈಗಲೇ ತಯಾರಿ ನಡೆದಿದೆ. ಟೊಮೆಟೊ ನಾಲ್ಕಾಗಿದೆ. ಬದನೆ ಆರು. ಅತ್ತೆಗೆ ಹಾಗಲಕಾಯಿ ಮಾಡಬೇಕು ಅಂತ ಆಸೆ, ಅದರ ಮೇಲಿನ ಗುಳ್ಳೆಗಳೇ ಸರಿಯಾಗಿ ಬರುತ್ತಿಲ್ಲ. ಮೂರು ಸುತ್ತಿಗೊಮ್ಮೆ ಗಂಟು ಹಾಕಿ ನೋಡಿದರು, ಬಿಚ್ಚಿದರು. ಇವತ್ತು ಮಧ್ಯಾಹ್ನ ಊಟ ಆದ ಮೇಲೆ ತರಕಾರಿ ಬುಟ್ಟಿಯಿಂದ ನಿಜವಾದ ಹಾಗಲಕಾಯಿ ತಂದು ಪಕ್ಕದಲ್ಲಿಟ್ಟುಕೊಂಡು, ಕನ್ನಡಕ ಏರಿಸಿ ಮತ್ತೆ ಕೂತಿದ್ದಾರೆ. ಲೂಮಿನಲ್ಲಿ ಉಬ್ಬು ಬರಿಸುವುದು ಹೇಗೆ ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಅವರಿಗೆ ಓದಿ ಹೇಳುತ್ತೇನೆ.