ವಾರಕ್ಕೊಮ್ಮೆ ಬಂದರೆ ಬೆಂಡೆ ಕಾಯುವುದಿಲ್ಲ
ಮೊದಲೇ ದುಡ್ಡು ಕಟ್ಟಿ, ಸದಸ್ಯರೇ ವಾರಕ್ಕೊಮ್ಮೆ ಬಂದು ತರಕಾರಿ ಕೊಯ್ದುಕೊಳ್ಳುವ ತೋಟ ಬೆಂಗಳೂರಿಗೂ ಬೇಕು ಎಂದಿದ್ದೀರಿ. ಒಪ್ಪಿದೆ. ಅಮೆರಿಕದ ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1986ರಲ್ಲೇ ಸದಸ್ಯರು ಹಣ ಹಾಕಿ ನಡೆಸುವ ತೋಟಗಳು ಶುರುವಾದವು. ಬೆಳೆ ಕೈಕೊಟ್ಟರೆ ನಷ್ಟ ರೈತನೊಬ್ಬನದಲ್ಲ, ಎಲ್ಲರದ್ದೂ. ನನಗೆ ಹಿಡಿಸಿದ್ದು ಅದೇ.

ಆದರೆ ಬೆಂಡೆಗೆ ವಾರದ ಲೆಕ್ಕ ಆಗಿಬರುವುದಿಲ್ಲ. ಎರಡು ದಿನಕ್ಕೊಮ್ಮೆ ಕೀಳದಿದ್ದರೆ ನಾರು ಜಾಸ್ತಿ. ತುದಿ ಮುರಿದರೆ ಟಪ್ ಅನ್ನುವುದಿಲ್ಲ, ಸುಮ್ನೆ ಬಾಗುತ್ತದೆ. ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಕಾಯಿ ಬಿಡುವುದೂ ಕಮ್ಮಿ. ಬದನೆ ಎಳೆದು ಕಿತ್ತರೆ ಕೊಂಬೆಯೇ ಸಿಗಿದು ಬರುತ್ತದೆ. ಕತ್ತರಿ ಬೇಕು, ಸ್ವಲ್ಪ ತಾಳ್ಮೆಯೂ ಬೇಕು (ಮಕ್ಕಳಿಗಿಂತ ದೊಡ್ಡವರಿಗೆ ಇದನ್ನು ಹೇಳಬೇಕು!). ನಡುವಾರದಲ್ಲಿ ಕೊಯ್ಯಲು ಯಾರಾದರೂ ಇರಲೇಬೇಕು, ಅಲ್ವಾ? ಭಾನುವಾರ ಬರುವವರಿಗೆ ದಂಟು, ಕುಂಬಳ ಬಿಡಿ.