ಸ್ಪಷ್ಟನೆ: ಹಾಳಾದ ಹುಲ್ಲುಗಾವಲಿನ ಮಣ್ಣು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ

"ಮರುಭೂಮಿಯ ಹುಲ್ಲುಗಾವಲು ಹಾಳಾದರೆ ಮಣ್ಣಿನ ಸತ್ವ ಎಲ್ಲ ಕಡೆ ಒಂದೇ ಸಮ ಕಡಿಮೆಯಾಗುತ್ತದೆ, ಒಂದು ಜಾಗದ ಮಣ್ಣು ಪರೀಕ್ಷಿಸಿದರೆ ಸಾಕು" ಅನ್ನೋ ಸಂದೇಶ ಓಡಾಡುತ್ತಿದೆ. ಹೋದ ವಾರ ನಾನೂ ಹಂಚಿಕೊಂಡಿದ್ದೆ. ಅದು ತಪ್ಪು.

ಹುಲ್ಲು ಚೆನ್ನಾಗಿದ್ದಾಗ ಸಾರಜನಕ, ರಂಜಕ ಹೆಚ್ಚುಕಮ್ಮಿ ಸಮನಾಗಿ ಹರಡಿರುತ್ತವೆ. ಹುಲ್ಲು ಹೋಗಿ ಪೊದೆಗಳು ಬಂದ ಮೇಲೆ ನಡುವಿನ ಬರಿ ನೆಲದ ಮೇಲ್ಮಣ್ಣನ್ನು ಗಾಳಿ, ಮಳೆನೀರು ಎತ್ತಿಕೊಂಡು ಹೋಗುತ್ತವೆ, ಅದರಲ್ಲಿ ಒಂದಷ್ಟು ಪೊದೆಯ ಬುಡದಲ್ಲಿ ಸಿಕ್ಕಿಕೊಳ್ಳುತ್ತದೆ, ಉದುರಿದ ಎಲೆಯೂ ಅಲ್ಲೇ ಕೊಳೆಯುತ್ತದೆ. ಬುಡದ ಮಣ್ಣು ಕೈಗೆ ಮೆತ್ತಗೆ, ಎಲೆಪುಡಿ ಬೆರೆತು ಸಿಗುತ್ತದೆ. ನಾಲ್ಕು ಹೆಜ್ಜೆ ಆಚೆ ಬರೀ ಗಟ್ಟಿ ನೆಲ, ಸಣ್ಣ ಕಲ್ಲು. ಎರಡೂ ಒಂದೇ ಹೇಗಾಗುತ್ತದೆ, ಅಲ್ವಾ?

ಇಂಥ ಬುಡಗಳನ್ನು 'ಫಲವತ್ತತೆಯ ದ್ವೀಪಗಳು' ಅಂತಾರೆ. ಅಮೆರಿಕದ ನ್ಯೂ ಮೆಕ್ಸಿಕೋದ ಹೊರ್ನಾಡಾ ಪ್ರದೇಶದಲ್ಲಿ ನಡೆದ ಕೆಲಸವನ್ನು ಆಧರಿಸಿ ವಿಲಿಯಂ ಶ್ಲೆಸಿಂಗರ್ ಮತ್ತು ಸಂಗಡಿಗರು 1990ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ವಿವರಿಸಿದ್ದಾರೆ.

ಹಾಗಾಗಿ ಪೊದೆ ಬುಡದ ಮಣ್ಣು, ಬಯಲಿನ ಮಣ್ಣು ಎರಡನ್ನೂ ಬೇರೆ ಬೇರೆ ಹಲವು ಕಡೆಯಿಂದ ತೆಗೆದು ನೋಡಬೇಕು. ಬುಡದ್ದೊಂದೇ ತೆಗೆದರೆ ನೆಲ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಅದು ಇನ್ನೂ ಅಪಾಯ.

ದಯವಿಟ್ಟು ಆ ಸಂದೇಶ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.