ಅರ್ಧ ದಿನಕ್ಕೆ ನಾಲ್ಕು ಊರು, ಜೊತೆಗೊಬ್ಬ ಮಾವ

ಬಳ್ಳಾರಿಯಲ್ಲಿ ಏಪ್ರಿಲ್ ಅಂದರೆ ಗೊತ್ತಲ್ಲ. ಬೆಳಿಗ್ಗೆ ಹತ್ತಕ್ಕೆಲ್ಲಾ ಗುಡ್ಡದ ಬಂಡೆ ಕಾದಿರುತ್ತದೆ, ರಾತ್ರಿ ಹನ್ನೊಂದಾದರೂ ಆರಿರುವುದಿಲ್ಲ. ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಕಾರವಾರಕ್ಕೆ ಹೊರಟೆವು. ನಾನು, ಹೆಂಡತಿ, ಇಬ್ಬರು ಮಕ್ಕಳು, ಸೋದರಮಾವ, ಅತ್ತೆ. ಒಂದು ರಾತ್ರಿ ಅಲ್ಲಿದ್ದು, ಮಾರನೇ ದಿನ ಗೈಡ್ ಜೊತೆ ಅರ್ಧ ದಿನದ ಟೂರ್ ಹಿಡಿದೆವು. ಕಾರವಾರ, ಅಂಕೋಲಾ, ಗೋಕರ್ಣ, ಕುಮಟಾ. ಬೆಳಿಗ್ಗೆ ಆರೂವರೆಗೆ ಟಿಟಿಗೆ (ಟೆಂಪೋ ಟ್ರಾವೆಲರ್) ಹತ್ತಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಕುಮಟಾದಲ್ಲಿ ಇಳಿಸುತ್ತಾರೆ. ತಲೆಗೆ 800 ರೂಪಾಯಿ. ನಾವು ಅಲ್ಲಿಂದ ಮುಂದೆ ಮುರುಡೇಶ್ವರಕ್ಕೆ ಹೋಗುವವರಿದ್ದುದರಿಂದ ದಾರಿಯೂ ಸಾಗುತ್ತದೆ, ಊರೂ ನೋಡಿದಂತಾಗುತ್ತದೆ ಅನ್ನೋ ಲೆಕ್ಕ.

ವಾಪಸ್ ಬಂದ ಮೇಲೆ ಗೆಳೆಯನೊಬ್ಬ ಕೇಳಿದ. "ಅರ್ಧ ದಿನಕ್ಕೆ ನಾಲ್ಕು ಊರಾ? ಅದು ಟೂರೋ, ಕೊರಿಯರ್ ಡೆಲಿವರಿಯೋ?"

ನಕ್ಕೆ. ಹೋಗುವ ಮುಂಚೆ ನಾನೂ ಹಂಗೇ ಅಂದುಕೊಂಡಿದ್ದೆ. ಈಗ ಅಷ್ಟು ಸಲೀಸಾಗಿ ನಗಲು ಆಗುತ್ತಿಲ್ಲ. ಯಾಕೆ ಅಂತ ಹೇಳಬೇಕಾದರೆ ಮಾವನ ಬಗ್ಗೆ ಹೇಳಲೇಬೇಕು.

ಮಾವ ಆರು ವರ್ಷ ಈ ರಸ್ತೆಯಲ್ಲಿ ಲಾರಿಯಲ್ಲಿ ಕಬ್ಬಿಣದ ಅದಿರು ಹೊಡೆದವರು. ಸಂಡೂರಿನ ಗಣಿಯಿಂದ ಲೋಡು ಹಾಕಿಕೊಂಡು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ಬೇಲೆಕೇರಿ ಬಂದರು. ಚೀನಾದವರು ಕೇಳಿದಷ್ಟು ಬೆಲೆ ಕೊಡುತ್ತಿದ್ದ ಕಾಲ. ಘಟ್ಟದಲ್ಲಿ ಲಾರಿಗಳು ಇರುವೆ ಸಾಲಿನ ಹಾಗೆ ನಿಂತಿರುತ್ತಿದ್ದವಂತೆ. ಒಂದು ಟ್ರಿಪ್ಪಿಗೆ ಎರಡು ದಿನವೂ ಆಗುತ್ತಿತ್ತು, ನಾಲ್ಕು ದಿನವೂ ಆಗುತ್ತಿತ್ತು. ಯಾವ ಡಾಬಾದಲ್ಲಿ ನೀರು ಚೆನ್ನಾಗಿದೆ, ಯಾವ ತಿರುವಿನಲ್ಲಿ ಬ್ರೇಕ್ ನಂಬಬಾರದು, ಎಲ್ಲಾ ಅವರಿಗೆ ಬಾಯಿಪಾಠ. ಆದರೆ ಅಂಕೋಲಾ ಹೇಗಿದೆ ಅಂತ ಕೇಳಿದರೆ "ಬೈಪಾಸ್ ಕಡೆ ಒಂದು ಪಂಕ್ಚರ್ ಅಂಗಡಿ ಐತೆ" ಅನ್ನುತ್ತಾರೆ. ಗೋಕರ್ಣದ ಬೋರ್ಡು ನೋಡಿದ್ದರು, ಗೋಕರ್ಣ ನೋಡಿರಲಿಲ್ಲ.

ಟೂರಿನ ಮೊದಲ ಒಂದು ಗಂಟೆ ನನ್ನ ಗೆಳೆಯ ಹೇಳಿದ ಹಾಗೇ ಇತ್ತು. ಗೈಡ್ ಕುಮಟಾ ಕಡೆಯ ಹುಡುಗ, ಇಪ್ಪತ್ತೈದು ವಯಸ್ಸಿರಬೇಕು, ಮಾತು ಚುರುಕು. ಗಾಡಿಯಲ್ಲಿ ನಾವಲ್ಲದೆ ದಾವಣಗೆರೆಯ ಒಂದು ಕುಟುಂಬ, ಬೆಂಗಳೂರಿನ ಗಂಡ-ಹೆಂಡತಿ. ಟ್ಯಾಗೋರ್ ಕಡಲತೀರ ತೋರಿಸಿದ. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ಹಾಗಾಗಿ ಕವಿ ಇಲ್ಲಿಗೆ ಬಂದಿದ್ದರು ಅಂತ ಹೇಳಿದ. ದಡದ ಮೇಲಿನ ಚಪಲ್ ಯುದ್ಧನೌಕೆ ಮ್ಯೂಸಿಯಂ ಬಾಗಿಲು ಅಷ್ಟು ಬೆಳಿಗ್ಗೆ ತೆಗೆದಿರಲಿಲ್ಲ, ಹೊರಗಿನಿಂದ ಫೋಟೋ. ಎಲ್ಲಾ ಸರಿ. ಆದರೆ ಅವನು ಮಾತಾಡುತ್ತಿದ್ದುದು ಗಾಡಿಯೊಳಗಿದ್ದ ನಮ್ಮ ಜೊತೆ ಅಲ್ಲ. ನಿನ್ನೆ ಬಂದವರಿಗೂ ಅದೇ, ನಾಳೆ ಬರುವವರಿಗೂ ಅದೇ. ಕ್ಯಾಸೆಟ್ ಹಾಕಿದ ಹಾಗೆ. ನನ್ನ ಮಗ ಮೊಬೈಲ್ ತೆಗೆದ, ಅತ್ತೆ ಕಣ್ಣು ಮುಚ್ಚಿದರು.

ಅಂಕೋಲಾ ಇನ್ನೂ ಸ್ವಲ್ಪ ದೂರ ಇರುವಾಗ ಬೇಲೆಕೇರಿ ಕಡೆಯ ರಸ್ತೆ ಬಂತು. ಮಾವ ಸೀಟಿನಿಂದ ಅರ್ಧ ಎದ್ದರು.

"ತಮ್ಮಾ, ಇಲ್ಲಿ ಬಲಕ್ಕೆ ಹೋಗಲ್ವೇನು?"

"ಅದು ಪಟ್ಟಿಯಲ್ಲಿ ಇಲ್ಲ ಸಾರ್. ಅಲ್ಲಿ ನೋಡೂಕೆ ಎಂತದೂ ಇಲ್ಲ."

"ಇಲ್ಲ ಅಂದ್ರ ಹೆಂಗಪ್ಪಾ? ನಮ್ಮೂರ ಗುಡ್ಡ ಎಲ್ಲಾ ಇಲ್ಲೇ ಸುರುವಿದೀನಿ ನಾನು."

ಆ ಹುಡುಗ ಮೈಕ್ ಕೆಳಗಿಟ್ಟ. "ಹೌದ್ರಾ? ಬಳ್ಳಾರಿಯವರಾ ನೀವು?" ಅಂದ. ಎರಡು ನಿಮಿಷ ಡ್ರೈವರ್ ಜೊತೆ ಪಿಸುಮಾತು, ಉಳಿದವರನ್ನು ಒಂದು ಮಾತು ಕೇಳಿದ. ಬೆಂಗಳೂರಿನವರಿಗೆ ಅಷ್ಟು ಮನಸ್ಸಿರಲಿಲ್ಲ, ಆದರೂ ಹೂಂ ಅಂದರು. ಗಾಡಿ ತಿರುಗಿತು.

ನಿಜ ಹೇಳಬೇಕಂದರೆ ಅಲ್ಲಿ ನೋಡಲು ಹೆಚ್ಚೇನೂ ಇರಲಿಲ್ಲ. ಬಂದರಿನ ಗೇಟಿನ ಹೊರಗೇ ನಿಂತೆವು. ಆ ಕಡೆ ಮೀನಿನ ದೋಣಿಗಳು, ಒಣಗಲು ಹಾಕಿದ ಬಲೆ, ಮೀನಿನ ವಾಸನೆ. ಮಾವ ಮಾತ್ರ ಯಾವುದೋ ಮದುವೆ ಮನೆಗೆ ಬಂದವರ ಹಾಗೆ ಒಂದೊಂದೇ ದಿಕ್ಕು ತೋರಿಸಿದರು. ಇಲ್ಲಿ ಲೈನು. ಇಲ್ಲಿ ತೂಕ. ಇಲ್ಲಿ ತಾಡಪತ್ರಿ ಬಿಚ್ಚಿದರೆ ಮೈಯೆಲ್ಲಾ ಕೆಂಪು, ಕಣ್ಣಿನ ರೆಪ್ಪೆ ಕೂಡ. ಸಮುದ್ರ ನೂರು ಗಜ ದೂರದಲ್ಲಿದ್ದರೂ ಒಂದು ದಿನವೂ ಕಾಲು ತೊಳೆಯಲು ಇಳಿದಿರಲಿಲ್ಲವಂತೆ. ಲೈನ್ ತಪ್ಪಿದರೆ ಮತ್ತೆ ಹಿಂದಿನಿಂದ ನಿಲ್ಲಬೇಕಲ್ಲ.

ಗೈಡ್ ಅವತ್ತು ಮೊದಲ ಸಲ ಯಾರೂ ಬರೆದುಕೊಡದ ಮಾತಾಡಿದ. ಅವನು ಆಗ ಪ್ರೈಮರಿ ಶಾಲೆ. ರಸ್ತೆ ಬದಿಯ ಮನೆಗಳಲ್ಲಿ ಬಟ್ಟೆ ಒಣಗಿಸಿದರೆ ಕೆಂಪಾಗುತ್ತಿತ್ತಂತೆ, ಅವನ ಅಜ್ಜಿ ಬಳ್ಳಾರಿ ಲಾರಿಗಳಿಗೆ ಹಿಡಿಶಾಪ ಹಾಕುತ್ತಿದ್ದರಂತೆ. ಮಾವ ಸುಮ್ನೆ ತಲೆಯಾಡಿಸಿದರು. 2010ರಲ್ಲಿ ಇಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಮಾಯ ಆಗಿದ್ದು, 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದಿದ್ದು, ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ನಮಗೆಲ್ಲಾ ಗೊತ್ತು. ಮಾವನ ಲಾರಿ ಕಂತು ಕಟ್ಟಲಾಗದೆ ಹೋಗಿದ್ದೂ ಆಗಲೇ. ಆದರೆ ಆ ಕಥೆಯ ಈ ತುದಿಯಲ್ಲಿ ಒಬ್ಬ ಅಜ್ಜಿ ಬಟ್ಟೆ ಕೊಡವುತ್ತಾ ಬೈಯುತ್ತಿದ್ದಳು ಅನ್ನುವುದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ಅಲ್ಲಿಂದ ಟೂರೇ ಬೇರೆ ಆಯಿತು.

ಅಂಕೋಲಾದಲ್ಲಿ ಹತ್ತೇ ನಿಮಿಷ. 1930ರ ಉಪ್ಪಿನ ಸತ್ಯಾಗ್ರಹಕ್ಕೆ ಕರ್ನಾಟಕದಲ್ಲಿ ದೊಡ್ಡ ಹೆಸರು ಈ ಊರಿನದು. ಗುಜರಾತಿನ ಸತ್ಯಾಗ್ರಹದ ಊರು ಬಾರ್ಡೋಲಿಯ ಹೆಸರಲ್ಲಿ ಇದನ್ನು ಕರ್ನಾಟಕದ ಬಾರ್ಡೋಲಿ ಅಂತಲೂ ಅನ್ನುತ್ತಾರೆ. ಕರಿ ಈಶಾಡ್ ಮಾವಿನಹಣ್ಣು ಕೇಳಿದೆ, ಮೇ ತಿಂಗಳಿಗೆ ಬನ್ನಿ ಅಂದರು. ಮುಂದೆ ಶಿರೂರು ಬಂದಾಗ ಗೈಡ್ ಕೈ ಮಾಡಿ ತೋರಿಸಿದ ಅಷ್ಟೇ, ಮೈಕ್ ಎತ್ತಲಿಲ್ಲ. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಹೆದ್ದಾರಿ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಗಾಡಿಗಳು. ಗಂಗಾವಳಿ ನದಿಯ ತಳದಿಂದ ಒಂದು ಲಾರಿಯನ್ನು ಮೇಲೆತ್ತಿದ್ದು 70 ದಿನ ದಾಟಿದ ಮೇಲೆ, ಅದರ ಕ್ಯಾಬಿನ್ನಿನಲ್ಲಿ ಚಾಲಕನ ದೇಹ ಇತ್ತು. ಮಾವ ಕಿಟಕಿಯಿಂದ ಕೈ ಮುಗಿದರು. ಲಾರಿಯವರು ಚಹಾಕ್ಕೆ ನಿಲ್ಲುವುದು ಅಂದರೆ ಏನು ಅಂತ ಅವರಿಗೆ ಗೊತ್ತು.

ಗೋಕರ್ಣದ ಬಗ್ಗೆ ನನಗೆ ಸಿಟ್ಟೇ ಇದೆ. ಊರಿನ ಮೇಲಲ್ಲ, ಪಟ್ಟಿ ಮಾಡಿದವರ ಮೇಲೆ. 50 ನಿಮಿಷ ಕೊಟ್ಟರು. ಮಹಾಬಲೇಶ್ವರನ ದರ್ಶನದ ಸಾಲು ಕೋಟಿತೀರ್ಥದ ಕಡೆ ಮುಖ ಮಾಡಿ ನಿಂತಿತ್ತು. ನಾವು ಪಂಚೆ ಉಟ್ಟು ಸಾಲಿಗೆ ಸೇರಿ, ಅರ್ಧ ದಾರಿಯಲ್ಲಿ ಗಡಿಯಾರ ನೋಡಿ ಹಿಂದೆ ಬಂದೆವು. ಅತ್ತೆಗೆ ಇವತ್ತಿಗೂ ಬೇಜಾರು. ಅದರ ಮೇಲೆ ಕರಕುಶಲ ಅಂಗಡಿಯೊಂದರಲ್ಲಿ 20 ನಿಮಿಷ ಕೂರಿಸಿದರು. ಶಂಖ, ಬಟ್ಟೆ, ಕೀಚೈನು. ಕಮಿಷನ್ ಯಾರಿಗೆ ಹೋಗುತ್ತದೆ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಗೋಕರ್ಣಕ್ಕೆ ಒಂದು ಇಡೀ ದಿನ ಕೊಡಿ, ಇಲ್ಲಾ ಬಿಟ್ಟುಬಿಡಿ. ಮೂರೇ ಊರು ಅಂತ ಹೇಳಿದ್ದರೂ ನಾವು 800 ಕೊಡುತ್ತಿದ್ದೆವು.

ಆ ಅಂಗಡಿಯ 20 ನಿಮಿಷ ಸೇರಿಸಿ ಸಾಣಿಕಟ್ಟಾಕ್ಕೆ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಗೋಕರ್ಣದಿಂದ ಹೆದ್ದಾರಿಗೆ ವಾಪಸ್ ಬರುವಾಗ ಸಿಗುವ ಊರು. ರಸ್ತೆ ಪಕ್ಕ ಉಪ್ಪಿನ ಆಗರ. ನಾನು ಭತ್ತದ ಗದ್ದೆ ಅಂದುಕೊಂಡೆ. ಹಾಗೇ ಬದು, ಹಾಗೇ ಮಡಿ, ನೀರು ಮಾತ್ರ ಗಾಜಿನಂತೆ ಅಲುಗಾಡದೆ ನಿಂತಿದೆ. ಉದ್ದ ಕೋಲಿನ ತುದಿಗೆ ಹಲಗೆ ಕಟ್ಟಿಕೊಂಡು ಒಬ್ಬರು ತಳದಲ್ಲಿ ಕೂತ ಉಪ್ಪನ್ನು ಮೆಲ್ಲಗೆ ಬದುವಿಗೆ ಎಳೆಯುತ್ತಿದ್ದರು. ಜೋರಾಗಿ ಎಳೆದರೆ ಮಣ್ಣು ಏಳುತ್ತದಂತೆ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುವುದು. ಮಳೆ ಬಿದ್ದರೆ ಮುಗಿಯಿತು. ಉಪ್ಪು ಬೆಳ್ಳಗಿರಲಿಲ್ಲ, ಒಂಥರಾ ಬೂದಿ-ಕಂದು ಬಣ್ಣ. ಪ್ಯಾಕೆಟ್ ಉಪ್ಪು ನೋಡಿ ಬೆಳೆದ ನನ್ನ ಮಗಳು "ಇದು ಗಲೀಜಾ?" ಅಂತ ಕೇಳಿದಳು. ಅತ್ತೆ ಒಂದು ಹರಳು ಬಾಯಿಗೆ ಹಾಕಿಕೊಂಡು "ಉಪ್ಪಿನಕಾಯಿಗೆ ಇದೇ ಬೇಕು" ಅಂದರು.

ಆಮೇಲೆ ಅತ್ತೆಯ ಸರದಿ. ಅವರ ತವರು ಸಿರುಗುಪ್ಪ ಕಡೆ. ತುಂಗಭದ್ರಾ ಕಾಲುವೆ ನೀರು ಬಂತು, ಭತ್ತ ಬಂತು, ಕೆಲವು ವರ್ಷ ಕಳೆದ ಮೇಲೆ ತಗ್ಗಿನ ಹೊಲಗಳಲ್ಲಿ ಸವಳೂ ಬಂತು. ನೆಲದ ಮೇಲೆ ಬೆಳ್ಳಗೆ ಉಪ್ಪು ಕೂತರೆ ಆ ಹೊಲದ ಕಥೆ ಮುಗೀತು ಅಂತ ಅರ್ಥ. ಅವರು ಗೈಡ್‌ಗೆ ಹೇಳಿದರು, "ನಮ್ಮೂರಾಗ ಉಪ್ಪು ಎದ್ರೆ ಅಳ್ತಾರೆ, ನಿಮ್ಮೂರಾಗ ಮಾರ್ತೀರಲ್ಲಪ್ಪಾ!"

ಹುಡುಗ ನಕ್ಕು, "ಅಮ್ಮಾ, ಉಪ್ಪು ನೀರಲ್ಲೇ ಭತ್ತವನ್ನೂ ಬೆಳೀತೇವೆ" ಅಂದ.

ಅತ್ತೆ ನಂಬಲಿಲ್ಲ. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಗಜನಿ ಭೂಮಿ ಅಂತ ಇದೆ, ಅಲ್ಲಿ ಕಗ್ಗ ಅನ್ನುವ ತಳಿ. ಉಪ್ಪು ನೀರು ನುಗ್ಗಿದರೂ, ಮಳೆಗಾಲದಲ್ಲಿ ದಿನಗಟ್ಟಲೆ ಮುಳುಗಿದರೂ ತಡೆದುಕೊಳ್ಳುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಈಗ ಬೆಳೆಯುವವರು ಕಮ್ಮಿ. ಅತ್ತೆ ಮುಂದಿನ ಹತ್ತು ಕಿಲೋಮೀಟರ್ ಬೇರೆ ಯಾರಿಗೂ ಬಾಯಿ ತೆಗೆಯಲು ಬಿಡಲಿಲ್ಲ. ಎಷ್ಟು ತಿಂಗಳ ಬೆಳೆ, ಅಕ್ಕಿ ಯಾವ ಬಣ್ಣ, ಗೊಬ್ಬರ ಏನು, ಅನ್ನ ಉದುರುದುರಾಗುತ್ತದಾ. ದಾವಣಗೆರೆಯವರೂ ಭತ್ತದ ನಾಡಿನವರೇ ಅಲ್ವಾ, ಅವರೂ ಸೇರಿಕೊಂಡರು. ಗಾಡಿಯೊಳಗೆ ರೈತ ಸಂಪರ್ಕ ಕೇಂದ್ರ ತೆಗೆದ ಹಾಗಾಯಿತು. ಬೆಂಗಳೂರಿನ ಆ ಹೆಣ್ಣುಮಗಳು ಕಗ್ಗ ಅಕ್ಕಿ ಎಲ್ಲಿ ಸಿಗುತ್ತದೆ ಅಂತ ಬರೆದುಕೊಂಡರು.

ಮಿರ್ಜಾನ್ ಕೋಟೆ ಚೆನ್ನಾಗಿದೆ, ಬಿಸಿಲು ಮಾತ್ರ ಚೆನ್ನಾಗಿರಲಿಲ್ಲ. ಚಿರೇಕಲ್ಲಿನ ಕೋಟೆ. ಈ ಕಲ್ಲನ್ನು ನೆಲದಿಂದ ಇಟ್ಟಿಗೆಯಂತೆ ಕತ್ತರಿಸಿ ತೆಗೆಯುತ್ತಾರೆ, ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ನಮ್ಮ ಬಳ್ಳಾರಿ ಗುಡ್ಡದ ಬಂಡೆ ನೋಡಿದವರಿಗೆ ಇದು ಬೆಲ್ಲದ ಅಚ್ಚಿನ ಹಾಗೆ ಕಾಣುತ್ತದೆ. ಮಾವ ಗೋಡೆ ಉಜ್ಜಿ ಬೆರಳು ನೋಡಿಕೊಂಡು, "ಇದ್ರಾಗೂ ಕಬ್ಬಿಣ ಐತೆ ಅಳಿಯಾ" ಅಂದರು. ಇದೆ, ಆ ಕೆಂಪು ಅದರದ್ದೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಥೆಯನ್ನು ಗೈಡ್ ಅರ್ಧಕ್ಕೆ ನಿಲ್ಲಿಸಿ, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಿದ್ದರು ಅಂತಷ್ಟೇ ಹೇಳಿ, ನಮ್ಮ ಕಡೆ ತಿರುಗಿದ. "ನಿಮ್ಮ ಹಂಪಿಗೆ ಕುದುರೆ ಹೋಗಿದ್ದು ಎಲ್ಲಿಂದ ಗೊತ್ತುಂಟಾ? ಈ ಕರಾವಳಿಯಿಂದಲೇ. ಅರಬರ ಹಡಗು ಭಟ್ಕಳ, ಹೊನ್ನಾವರಕ್ಕೆ ಬರುತ್ತಿತ್ತು. ಅಲ್ಲಿಂದ ಘಟ್ಟ ಹತ್ತಿಸಿ ವಿಜಯನಗರಕ್ಕೆ."

ಮಹಾನವಮಿ ದಿಬ್ಬವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಶಾಲೆಯ ಪ್ರವಾಸ, ಬಂದ ನೆಂಟರು, ಹಂಪಿ ಉತ್ಸವ. ಗೋಡೆ ಮೇಲೆ ಕುದುರೆ ಹಿಡಿದು ನಡೆಯುವವರ ಸಾಲು ಸಾಲು ಕೆತ್ತನೆ. ಆ ಕುದುರೆ ಯಾವ ರಸ್ತೆಯಲ್ಲಿ ಬಂತು ಅಂತ ಒಂದು ದಿನವೂ ಯೋಚನೆ ಬಂದಿರಲಿಲ್ಲ. ಮಾವ ಮಾತ್ರ ತಕ್ಷಣ ಕೇಳಿದರು, "ಘಟ್ಟದಾಗ ಕುದುರೆಗೆ ಎಷ್ಟು ದಿನ ಹಿಡೀತಿತ್ತು?" ಟ್ರಿಪ್ಪಿನ ಲೆಕ್ಕ. ಹುಡುಗನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂದ. ಆ ಉತ್ತರ ನನಗೆ ಬಹಳ ಇಷ್ಟ ಆಯಿತು.

ಈಗ ಗೆಳೆಯನ ಮಾತಿಗೆ ಬರುತ್ತೇನೆ. ನಿಧಾನವಾಗಿ ನೋಡಬೇಕು, ನಾಲ್ಕು ದಿನ ಒಂದೇ ಊರಲ್ಲಿ ಇರಬೇಕು ಅಂತ ಹೇಳುವುದು ಸುಲಭ. ರಜೆ ಇದ್ದವರಿಗೆ, ಮೊಣಕಾಲು ನೋವು ಇಲ್ಲದವರಿಗೆ ಅದು ಸರಿ. ಆದರೆ ನನ್ನ ಮಾವ ಈ ಕರಾವಳಿಗೆ ಆರು ವರ್ಷ ಬಂದು ಹೋದವರು. ಆರು ವರ್ಷದಲ್ಲಿ ಕಾಣದ್ದು ಆರೇಳು ಗಂಟೆಯಲ್ಲಿ ಕಂಡಿತು. ಹೊತ್ತು ಕಮ್ಮಿ ಇತ್ತು ಅನ್ನುವುದು ನನ್ನ ದೂರಲ್ಲ. ನನ್ನ ದೂರು ಬೇರೆ. "ನೀವು ಎಲ್ಲಿಯವರು?" ಅನ್ನುವ ಪ್ರಶ್ನೆಯನ್ನು ಗೈಡ್ ಕಾರವಾರದಲ್ಲೇ, ಗಾಡಿ ಹತ್ತುವಾಗಲೇ ಕೇಳಬೇಕಿತ್ತು. ಸೀಟ್ ನಂಬರ್ ಕೇಳುತ್ತಾರೆ, ವೆಜ್ಜಾ ನಾನ್‌ವೆಜ್ಜಾ ಕೇಳುತ್ತಾರೆ, ಇದೊಂದು ಕೇಳುವುದಿಲ್ಲ. ಮಾವ ಆ ತಿರುವಿನಲ್ಲಿ ನಿದ್ದೆ ಹೋಗಿದ್ದರೆ ನಮಗೆ ಸಿಗುತ್ತಿದ್ದುದು ನಾಲ್ಕು ಫೋಟೋ, ಒಂದು ಶಂಖದ ಕೀಚೈನು.

ಇದರಲ್ಲಿ ನಾವೇನೂ ಕಮ್ಮಿ ಇಲ್ಲ ಬಿಡಿ. ಬಳ್ಳಾರಿ ಕೋಟೆಗೆ ಯಾರನ್ನೇ ಕರೆದುಕೊಂಡು ಹೋದರೂ ನಾವು ಹೇಳುವುದು ಒಂದೇ ಕಥೆ. ಹೈದರಾಲಿ ಕೆಳಕೋಟೆ ಕಟ್ಟಿಸಿದ, ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಆಮೇಲೆ ಗೊತ್ತಾಯಿತು, ಫ್ರೆಂಚ್ ಎಂಜಿನಿಯರನ್ನು ನೇಣಿಗೆ ಹಾಕಿಸಿದ. ಬಂದವರು ಮೀನುಗಾರರೋ, ಮೇಷ್ಟ್ರೋ, ಅವರ ಊರಿಗೂ ನಮ್ಮ ಊರಿಗೂ ಏನಾದರೂ ಕೊಡುಕೊಳ್ಳುವಿಕೆ ಇತ್ತೋ, ಯಾರು ಕೇಳುತ್ತಾರೆ?

ಕುಮಟಾ ಮುಟ್ಟಿದಾಗ ಎರಡೂವರೆ. ಹೆದ್ದಾರಿ ಬದಿಯಲ್ಲಿ ಈರುಳ್ಳಿಯನ್ನು ಜಡೆ ಹೆಣೆದು ನೇತು ಹಾಕಿದ್ದರು, ಸಿಹಿ ಈರುಳ್ಳಿ. ಅತ್ತೆ ಎರಡು ಜಡೆ ಕೊಂಡರು. ಬುತ್ತಿಯಲ್ಲಿ ಉಳಿದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಜೊತೆ ಅದನ್ನು ಕಚ್ಚಿ ತಿಂದೆವು. ಗೈಡ್‌ಗೂ ಒಂದು ರೊಟ್ಟಿ. ಅವನಿಗೆ ಖಾರ ತಡೆಯಲಾಗದೆ ಕಣ್ಣಲ್ಲಿ ನೀರು. ಮಾವ ಸಾಣಿಕಟ್ಟಾದಲ್ಲಿ ಕೊಂಡಿದ್ದ ಹತ್ತು ಕೆಜಿ ಉಪ್ಪಿನ ಚೀಲವನ್ನು ಟಿಟಿಯಿಂದ ತಾವೇ ಇಳಿಸಿ, ತಾಡಪತ್ರಿಗೆ ಹಾಕುತ್ತಿದ್ದ ಗಂಟು ಹಾಕಿ ಬಿಗಿದರು. ಮನೆಗೆ ಬಂದ ಮೇಲೆ ಆ ಗಂಟು ಬಿಚ್ಚಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ, ಅವರೇ ಬರಬೇಕಾಯಿತು.

ಆ ಹುಡುಗ ಹೋದ ವಾರ ಮಾವನಿಗೆ ಫೋನ್ ಮಾಡಿದ್ದ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ದೊಡ್ಡ ದೋಣಿಗಳ ಮೀನುಗಾರಿಕೆ ಬಂದ್, ಮಳೆಗೆ ಟೂರೂ ಇರುವುದಿಲ್ಲ. ಆಗ ಒಂದು ಸಲ ಬಳ್ಳಾರಿ ಕಡೆ ಬಂದು ಆ ಅದಿರು ಹುಟ್ಟಿದ ಗುಡ್ಡ ನೋಡಬೇಕಂತೆ. ಅಜ್ಜಿಯನ್ನೂ ಕರೆದುಕೊಂಡು ಬರುತ್ತಾನಂತೆ. ಮಾವ ಹುರುಪಿನಲ್ಲಿದ್ದಾರೆ. ಕಾಗದ ಪೆನ್ನು ಹಿಡಿದು ಕೂತು ಪಟ್ಟಿ ಮಾಡಿದ್ದಾರೆ. ಸಂಡೂರು, ಕುಮಾರಸ್ವಾಮಿ ದೇವಸ್ಥಾನ, ನಾರಿಹಳ್ಳ, ತೋರಣಗಲ್ಲು, ಬಳ್ಳಾರಿ ಕೋಟೆ, ಕನಕದುರ್ಗಮ್ಮ, ಕೌಲ್ ಬಜಾರಿನ ಒಗ್ಗಾಣಿ-ಮಿರ್ಚಿ.

ಅರ್ಧ ದಿನದಲ್ಲಿ ಆರಾಮಾಗಿ ಆಗುತ್ತದಂತೆ.